ಬೈಕ್ ಪ್ರವಾಸಕ್ಕೆ ಜಿಪಿಎಸ್: ಕೊಳ್ಳುವ ಮೊದಲು ಗ್ಲೌಸ್ ಹಾಕಿಕೊಳ್ಳಿ

ಅಂಗಡಿಯ ನೆರಳಿನಲ್ಲಿ ನಿಂತು, ಬರಿಗೈಯಲ್ಲಿ ಮುಟ್ಟಿ ನೋಡಿದರೆ ಎಲ್ಲ ಜಿಪಿಎಸ್‌ಗಳೂ ಒಳ್ಳೆಯವೇ. ಸ್ಕ್ರೀನ್ ಬೆಳಗುತ್ತದೆ, ಮ್ಯಾಪು ಸರಸರನೆ ಜಾರುತ್ತದೆ, ಹೋಗಬೇಕಾದ ದಾರಿ ಕ್ಷಣದಲ್ಲಿ ಸಿದ್ಧವಾಗುತ್ತದೆ. ಅದನ್ನೇ ಹ್ಯಾಂಡಲ್‌ಗೆ ಕಟ್ಟಿಕೊಂಡು, ನಡುಹಗಲಿನ ಬಿಸಿಲಲ್ಲಿ, ದಪ್ಪ ಗ್ಲೌಸ್ ತೊಟ್ಟು ಓಡಿಸುವಾಗ ನೋಡಿ. ಅದು ಬೈಕಿಗೆಂದೇ ಹೇಳಿ ಮಾಡಿಸಿದ್ದೋ, ಕಾರಿನ ಡ್ಯಾಶ್‌ಬೋರ್ಡಿನಿಂದ ವರ್ಗವಾಗಿ ಬಂದದ್ದೋ ಅನ್ನುವುದು ಆಗ ತಿಳಿಯುತ್ತದೆ.

ನಾನು ಮೊದಲು ಕೊಂಡದ್ದು ವರ್ಗವಾಗಿ ಬಂದ ಜಾತಿಯದು. ಡಬ್ಬಿಯ ಮೇಲೆ ಅದರ ಗುಣಗಾನ ಮೂರು ಪಕ್ಕ ತುಂಬಿತ್ತು. ಮೊದಲ ಮಳೆಗೇ ಬಣ್ಣ ಬಯಲಾಯಿತು. ಹನಿಗಳನ್ನು ಬೆರಳೆಂದು ತಿಳಿದು ಮ್ಯಾಪನ್ನು ತಾನೇ ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ಹೋಗುತ್ತಿದ್ದ ದಾರಿಯನ್ನೇ ಅಳಿಸಿ ಕೂತಿತು. ಅಂದಿನಿಂದ ನಾನು ಪ್ರಶ್ನೆಯನ್ನೇ ಬದಲಿಸಿದೆ. ಇದು ಏನೇನು ಮಾಡಬಲ್ಲದು ಅಂತ ಕೇಳುವುದಿಲ್ಲ. ಓಡುವ ಬೈಕಿನ ಮೇಲೆ ಕೂತ ನಾನು ಏನೇನು ಮಾಡಲಾರೆ ಅಂತ ಕೇಳಿಕೊಳ್ಳುತ್ತೇನೆ. ಗ್ಲೌಸ್ ಬಿಚ್ಚಲಾರೆ, ಮಳೆಗೆ ಸ್ಕ್ರೀನಿನ ಮೇಲೆ ಕೊಡೆ ಹಿಡಿಯಲಾರೆ, ಅದನ್ನೇ ದಿಟ್ಟಿಸುತ್ತ ಕೂರಲಾರೆ. ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಎರಡು ಸೆಕೆಂಡು ಕಣ್ಣು ಕೆಳಗೆ ಹೋದರೆ 50 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿರುತ್ತೇವೆ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಹೆಜ್ಜೆ 1: ನಿಮ್ಮ ಸವಾರಿ ಎಂಥದ್ದು?

ಕಳೆದ ಎರಡು ಮೂರು ಪ್ರವಾಸಗಳನ್ನು ನೆನಪಿಸಿಕೊಳ್ಳಿ. ಎಂದಾದರೊಂದು ದಿನ ಮಾಡಬೇಕೆಂದಿರುವ ಕನಸಿನ ಪ್ರವಾಸ ಈ ಲೆಕ್ಕಕ್ಕೆ ಬೇಡ. ಕನಸಿಗೆಂದು ಕೊಂಡ ಸಾಮಾನು ಅಟ್ಟದ ಮೇಲೆ ಕೂರುತ್ತದೆ.

ಹೆದ್ದಾರಿ ಹಿಡಿದು ಊರಿಂದ ಊರಿಗೆ ಹೋಗುವುದೇ ಹೆಚ್ಚಾಗಿದ್ದರೆ ಬೇರೆ ಜಿಪಿಎಸ್ ಬೇಕೇ ಅನ್ನುವುದನ್ನೇ ಮೊದಲು ಯೋಚಿಸಿ. ಮನೆಯಲ್ಲಿ ಕೂತು ತಿರುವುಮುರುವಿನ ಸಣ್ಣ ರಸ್ತೆಗಳನ್ನು ಹುಡುಕಿ, ಪೋಣಿಸಿ, ಅದೇ ದಾರಿಯಲ್ಲೇ ಹೋಗಬೇಕೆನ್ನುವ ಹಟದವರಾಗಿದ್ದರೆ ನಿಮಗೆ ಬೇಕಾದದ್ದು ಹೊರಗಿನಿಂದ ತಂದ ದಾರಿಯ ಫೈಲನ್ನು ನಿಯತ್ತಾಗಿ ಪಾಲಿಸುವ ಸಾಧನ. ಡಾಂಬರು ಮುಗಿದ ಮೇಲೆಯೇ ನಿಮ್ಮ ಪ್ರವಾಸ ಶುರುವಾಗುತ್ತದೆಯೇ? ಹಾಗಿದ್ದರೆ ಗುಂಡಿಗಳಿರುವ, ಬಿದ್ದರೂ ಒಡೆಯದ, ಕೈಯಲ್ಲಿ ಹಿಡಿದು ನಡೆಯಲೂ ಆಗುವ ಟ್ರೆಕ್ಕಿಂಗ್ ಬಗೆಯ ಜಿಪಿಎಸ್ ಲೇಸು. ಅವುಗಳಲ್ಲಿ ಕೆಲವು ಸಾದಾ ಎಎ ಬ್ಯಾಟರಿಯಲ್ಲೂ ಓಡುತ್ತವೆ, ಬೈಕು ಕೈಕೊಟ್ಟ ದಿನವೂ ಅವು ಕೈಕೊಡುವುದಿಲ್ಲ.

ಹೆಜ್ಜೆ 2: ಜೇಬಿನ ಫೋನು ಸಾಲದೇ?

ಬಹಳ ಜನಕ್ಕೆ ಸಾಕು. ಇದನ್ನು ಮುಚ್ಚಿಟ್ಟು ಬೇರೆ ಸಾಧನ ಕೊಳ್ಳಿ ಎನ್ನುವುದು ಸರಿಯಲ್ಲ. ಮುಂದಿನ ತಿರುವಿನಲ್ಲಿ ಟ್ರಾಫಿಕ್ ಜಾಮ್ ಆಗಿದೆ ಎಂದು ಹೇಳುವುದರಲ್ಲಾಗಲಿ, ಪೆಟ್ರೋಲ್ ಬಂಕ್ ಹುಡುಕುವುದರಲ್ಲಾಗಲಿ ಫೋನಿಗೆ ಸಾಟಿಯಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬುದೂ ತಪ್ಪು ನಂಬಿಕೆ. ಫೋನಿನೊಳಗಿನ ಜಿಪಿಎಸ್ ಚಿಪ್ಪು ಉಪಗ್ರಹಗಳ ಸಂಕೇತವನ್ನು ನೇರವಾಗಿ ಕೇಳಿಸಿಕೊಳ್ಳುತ್ತದೆ. ನೆಟ್‌ವರ್ಕ್ ಬೇಕಾಗುವುದು ಮ್ಯಾಪು ಇಳಿಸಿಕೊಳ್ಳಲು. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಂಡರೆ ಅಷ್ಟರಮಟ್ಟಿಗೆ ಚಿಂತೆಯಿಲ್ಲ. ಓಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆಪ್‌ಗಳು ಇಡೀ ಪ್ರದೇಶದ ಮ್ಯಾಪನ್ನು ಫೋನಿನಲ್ಲೇ ಇಟ್ಟುಕೊಂಡು ದಾರಿಯನ್ನೂ ಅಲ್ಲೇ ಲೆಕ್ಕಹಾಕುತ್ತವೆ.

ಒಂದು ಸೂಕ್ಷ್ಮ ಮಾತ್ರ ಇದೆ. ನೆಟ್‌ವರ್ಕ್ ಇದ್ದಾಗ ಯಾವ ಉಪಗ್ರಹ ಎಲ್ಲಿದೆ ಎಂಬ ವಿವರವನ್ನು ಫೋನು ಅದರ ಮೂಲಕವೇ ಕ್ಷಣಾರ್ಧದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅದೋ ಸೆಕೆಂಡಿಗೆ 50 ಬಿಟ್‌ನ ಆಮೆನಡಿಗೆಯಲ್ಲಿ ಹೇಳುತ್ತದೆ. ಒಂದು ಉಪಗ್ರಹ ತನ್ನ ಸ್ಥಾನದ ವಿವರವನ್ನು 30 ಸೆಕೆಂಡಿಗೊಮ್ಮೆ ಒಪ್ಪಿಸುತ್ತದೆ. ಎಲ್ಲ ಉಪಗ್ರಹಗಳ ಒಟ್ಟು ಪಂಚಾಂಗ ಮುಗಿಯಲು ಹನ್ನೆರಡೂವರೆ ನಿಮಿಷ ಬೇಕು. ಆದ್ದರಿಂದ ಸಿಗ್ನಲ್ ಇರುವಲ್ಲೇ ಜಿಪಿಎಸ್ ಚಾಲೂ ಮಾಡಿಕೊಂಡು ಹೊರಡಿ. ಕಾಡಿನ ನಡುವೆ ನಿಂತು ಮೊದಲ ಸಲ ಚಾಲೂ ಮಾಡಿದರೆ ಅದು ತಡಕಾಡುವುದು ಸಹಜ.

ಫೋನು ಸೋಲುವುದು ಬೇರೆ ಕಡೆ. ಮೊದಲನೆಯದು ಬಿಸಿ. ಆ್ಯಪಲ್ ಸಂಸ್ಥೆಯೇ ತನ್ನ ಐಫೋನ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಿ ಎನ್ನುತ್ತದೆ. ನೆತ್ತಿಯ ಮೇಲೆ ಬಿಸಿಲು, ಪೂರ್ತಿ ಬೆಳಕಿನ ಸ್ಕ್ರೀನು, ಜೊತೆಗೆ ಚಾರ್ಜಿಂಗ್. ಮೂರೂ ಸೇರಿದರೆ ಫೋನು ಮೊದಲು ಮಂಕಾಗುತ್ತದೆ, ಆಮೇಲೆ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಕೊನೆಗೆ ತಣ್ಣಗಾಗುವವರೆಗೆ ಮಾತಿಲ್ಲ. ಬೆಳಕು ಹೆಚ್ಚು ಬೇಕಾದ ಹೊತ್ತಿಗೇ ಅದು ಮಂಕಾಗುವುದು, ನೋಡಿ.

ಎರಡನೆಯದು ಅದುರು. ಕೈ ಅಲುಗಿದರೂ ಚಿತ್ರ ಮಸುಕಾಗದಂತೆ ನೋಡಿಕೊಳ್ಳಲು ಫೋನಿನ ಕ್ಯಾಮೆರಾದೊಳಗೆ ಲೆನ್ಸನ್ನು ಸಣ್ಣಗೆ ಸರಿಸುವ ವ್ಯವಸ್ಥೆಯಿರುತ್ತದೆ. ದೊಡ್ಡ ಎಂಜಿನ್ನಿನ ಅದುರು ಹ್ಯಾಂಡಲ್ ಮೂಲಕ ದಿನಗಟ್ಟಲೆ ಅದಕ್ಕೆ ತಾಗುತ್ತಿದ್ದರೆ ಆ ವ್ಯವಸ್ಥೆ ಕೆಡಬಹುದೆಂದು ಆ್ಯಪಲ್ 2021ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿತು. ಅಂಥ ಬೈಕುಗಳಿಗೆ ಐಫೋನ್ ಕಟ್ಟದಿರುವುದೇ ಒಳ್ಳೆಯದು, ಸಣ್ಣ ಎಂಜಿನ್ನಿನ ಗಾಡಿಗಾದರೂ ಅದುರು ಹೀರುವ ಮೌಂಟ್ (ಫೋನನ್ನು ಕೂರಿಸುವ ಹಿಡಿಕೆ) ಬಳಸಿ ಎಂಬುದು ಅದರ ಸಲಹೆ. ನನ್ನ ಫೋನು ಬೆಟ್ಟದ ತುದಿಯಲ್ಲಿ ಫೋಕಸ್ ಆಗದೆ ಗರಗರ ಸದ್ದು ಮಾಡತೊಡಗಿದ ಮೇಲೆ ಈ ಸಲಹೆಯನ್ನು ಓದಿದೆ. ಯಾವಾಗಲೂ ಹಾಗೇ ತಾನೆ.

ಮೂರನೆಯದನ್ನು ಜನ ಮರೆಯುತ್ತಾರೆ. ಅಪಘಾತವಾದಾಗ ನೆರವು ಕರೆಯಬೇಕಾದದ್ದು ಇದೇ ಫೋನು. ಬೈಕು ಉರುಳಿ ಹ್ಯಾಂಡಲ್ ನೆಲಕ್ಕೆ ಬಡಿದಾಗ ಮೊದಲು ಪುಡಿಯಾಗುವುದು ಹ್ಯಾಂಡಲ್ ಮೇಲಿನ ವಸ್ತು. ದಾರಿ ತೋರಿಸಲು ಒಂದು, ಕರೆ ಮಾಡಲು ಒಂದು ಇರಲಿ. ಅದಕ್ಕೇ ನನ್ನ ಸಲಹೆ: ಫೋನಿನಲ್ಲೇ ನಿಭಾಯಿಸುವುದಾದರೆ ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನನ್ನು ಒರೆಸಿ, ಆಫ್‌ಲೈನ್ ಮ್ಯಾಪು ತುಂಬಿ, ಅದನ್ನು ಹ್ಯಾಂಡಲ್‌ಗೆ ಕಟ್ಟಿ.

ಫೋನು ಮತ್ತು ಬೈಕಿನ ಜಿಪಿಎಸ್, ಇವೆರಡರ ನಡುವೆ ಇನ್ನೆರಡು ದಾರಿಗಳಿವೆ. ಫೋನನ್ನು ಜೇಬಿನಲ್ಲೇ ಬಿಟ್ಟು ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೋ ಮೂಲಕ ಅದರ ಮ್ಯಾಪನ್ನಷ್ಟೇ ತೋರಿಸುವ ಮಳೆ ತಡೆಯುವ ಸ್ಕ್ರೀನುಗಳು ಒಂದು. ಮಿದುಳು ಫೋನಿನದ್ದೇ ಆದ್ದರಿಂದ ಫೋನಿನ ಬ್ಯಾಟರಿ ಮುಗಿದರೆ ಇದೂ ಮೌನ. ಇನ್ನೊಂದು, ಬೀಲೈನ್ ಮೋಟೋದಂಥ ಅಂಗೈಗಿಂತ ಚಿಕ್ಕ ಗುಂಡು ಸಾಧನ. ಫೋನಿನಿಂದ ದಾರಿ ತಿಳಿದುಕೊಂಡು ಬರೀ ಬಾಣದ ಗುರುತು ತೋರಿಸುತ್ತದೆ. ಒಂದೇ ನೋಟಕ್ಕೆ ಅರ್ಥವಾಗುವುದರಲ್ಲಿ ಅದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಆದರೆ ಸುತ್ತ ಏನಿದೆ ಎಂದು ನೋಡಿ ದಾರಿ ಬದಲಿಸುವ ಮನಸ್ಸಾದರೆ ಮತ್ತೆ ಫೋನು ಹೊರಗೆ ತೆಗೆಯಬೇಕು.

ಹೆಜ್ಜೆ 3: ಸ್ಕ್ರೀನನ್ನು ಬಿಸಿಲಿಗೆ ತನ್ನಿ

ಬೈಕಿಗೆಂದೇ ಮಾಡಿದ ಸಾಧನಗಳಲ್ಲಿ ಟಾಮ್‌ಟಾಮ್ ರೈಡರ್ 550ರ ಸ್ಕ್ರೀನು 4.3 ಇಂಚಿನದು, ಗಾರ್ಮಿನ್ ಜೂಮೋ ಎಕ್ಸ್‌ಟಿ 5.5 ಇಂಚು, ಅದರ ಮುಂದಿನ ಪೀಳಿಗೆಯ ಎಕ್ಸ್‌ಟಿ2 6 ಇಂಚು. ದೊಡ್ಡದಾದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಹ್ಯಾಂಡಲ್ ಮೇಲಿನ ಜಾಗ ಸೀಮಿತ. ಸ್ಪೀಡೋಮೀಟರನ್ನೋ ಎಚ್ಚರಿಕೆಯ ದೀಪಗಳನ್ನೋ ಮುಚ್ಚುವಷ್ಟು ದೊಡ್ಡದಿದ್ದು ಏನು ಪ್ರಯೋಜನ? ಕೊಳ್ಳುವ ಮುನ್ನ ಅದೇ ಅಳತೆಯ ರಟ್ಟನ್ನು ಕತ್ತರಿಸಿ ಬೈಕಿನ ಮೇಲೆ ಇಟ್ಟು, ಸೀಟಿನ ಮೇಲೆ ಕೂತು ನೋಡಿ. ರಟ್ಟಿನ ಪರೀಕ್ಷೆ ನಗು ತರಿಸಬಹುದು, ಆದರೆ ಬಿಟ್ಟಿ.

ಅಳತೆಗಿಂತ ಮುಖ್ಯ ಬೆಳಕು. ಇದನ್ನು ಅಳೆಯುವ ಮಾನ ನಿಟ್. ಮನೆಯೊಳಗೆ ಬಳಸುವ ಲ್ಯಾಪ್‌ಟಾಪಿಗೆ 300 ನಿಟ್ ಸಾಕಾದರೆ, ನೇರ ಬಿಸಿಲಲ್ಲಿ ಓದಲು 1000ದ ಆಸುಪಾಸು ಬೇಕು. ಅಂಕೆಯನ್ನು ನಂಬಿ ಕೂರಬೇಡಿ. ಸಾಧನವನ್ನು ಬಾಗಿಲಾಚೆ ತಂದು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಹೆಲ್ಮೆಟ್ಟಿನ ವೈಸರ್ ಇಳಿಸಿ ನೋಡಿ. ನೀವು ಪೋಲರೈಸ್ಡ್ ಕನ್ನಡಕ ಹಾಕುವವರಾದರೆ ಅದನ್ನೂ ಹಾಕಿಕೊಂಡು, ಸಾಧನವನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ನೋಡಿ. ಎಲ್‌ಸಿಡಿ ಸ್ಕ್ರೀನಿನಿಂದ ಹೊರಬರುವ ಬೆಳಕು ಒಂದೇ ದಿಕ್ಕಿಗೆ ಸೋಸಿ ಬಂದಿರುತ್ತದೆ, ಕನ್ನಡಕವೂ ಸೋಸುತ್ತದೆ. ಎರಡು ಜರಡಿಗಳು ಅಡ್ಡಡ್ಡ ಬಿದ್ದರೆ ಸ್ಕ್ರೀನು ಕಪ್ಪು ಹಲಗೆ.

ಇನ್ನು ಸ್ಪರ್ಶ. ಫೋನಿನ ಸ್ಕ್ರೀನು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತದೆ. ಒಣ ಚರ್ಮದ ಗ್ಲೌಸಿಗೆ ಆ ಗುಣವಿಲ್ಲ, ಮಳೆಹನಿಗೆ ಇದೆ. ಆದ್ದರಿಂದಲೇ ಗ್ಲೌಸ್ ತೊಟ್ಟ ಬೆರಳಿಗೆ ಅಲುಗದ್ದು ಹನಿಗೆ ಕುಣಿಯುತ್ತದೆ. ಬೈಕಿನ ಸಾಧನಗಳು ಗ್ಲೌಸಿಗೂ ಸ್ಪಂದಿಸುವಂತೆ ಹದ ಮಾಡಿರುತ್ತವೆ; ಹಳೆಯವು ಕೆಲವು ಒತ್ತಡದಿಂದ ಕೆಲಸ ಮಾಡುವ ಸ್ಕ್ರೀನು ಹೊಂದಿದ್ದವು, ಅವಕ್ಕೆ ಯಾವ ಗ್ಲೌಸಾದರೂ ಸರಿ. ನಿಮ್ಮದೇ ಗ್ಲೌಸನ್ನು ಅಂಗಡಿಗೆ ಒಯ್ದು, ಒಂದು ಸ್ಥಳದ ಹೆಸರು ಟೈಪ್ ಮಾಡಲು ನೋಡಿ. ಮೂರು ಅಕ್ಷರ ಸರಿಯಾಗಿ ಬಿದ್ದರೆ ಪಾಸು. ಹ್ಯಾಂಡಲ್ ಪಕ್ಕ ಕೂರಿಸುವ ರಿಮೋಟ್ ಗುಂಡಿ ಸಿಗುವ ಮಾದರಿಯಾದರೆ ಇನ್ನೂ ಒಳ್ಳೆಯದು.

ಸಾಧ್ಯವಾದರೆ ಉದ್ದುದ್ದ ನಿಲ್ಲಿಸುವ ಅವಕಾಶವೂ ಇರಲಿ. ಮ್ಯಾಪಿನಲ್ಲಿ ನಮಗೆ ಬೇಕಾದದ್ದು ಮುಂದಿನ ರಸ್ತೆ, ಎಡಬಲದ ಹೊಲಗದ್ದೆಯಲ್ಲ.

ಹೆಜ್ಜೆ 4: ನೀರಿನ ಗುರುತನ್ನು ಓದಲು ಕಲಿಯಿರಿ

ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ತಡೆಯುತ್ತದೆ ಎಂದರ್ಥ. ಬೈಕು ಕೊಳದಲ್ಲಿ ನಿಲ್ಲುವುದಿಲ್ಲ, ಮಳೆಯೊಳಗೆ ನುಗ್ಗುತ್ತದೆ. ರಭಸದ ನೀರಿನ ಪರೀಕ್ಷೆ ಬೇರೆ, ಅದರ ಗುರುತು ಐಪಿಎಕ್ಸ್6. 7 ಪಾಸಾದದ್ದು 6ನ್ನೂ ಪಾಸಾಗಿದೆ ಎಂದೇನೂ ಇಲ್ಲ. ಎರಡನ್ನೂ ಬರೆದಿದ್ದರೆ ಮಾತ್ರ ಎರಡೂ ಉಂಟು. ನಡುವಿನ ಎಕ್ಸ್ ಅಕ್ಷರ ಧೂಳಿನ ಪರೀಕ್ಷೆಯ ಅಂಕ ಕೊಟ್ಟಿಲ್ಲ ಎಂಬುದರ ಗುರುತು. ಐಪಿ67 ಎಂದಿದ್ದರೆ ಧೂಳಿಗೂ ಪೂರ್ತಿ ಅಂಕ ಬಿದ್ದಿದೆ.

ಇಲ್ಲೊಂದು ಮರ್ಮವಿದೆ. ಈ ಭರವಸೆಗಳು ಸಾಮಾನ್ಯವಾಗಿ ಚಾರ್ಜಿಂಗ್ ಕಿಂಡಿಯ ಮುಚ್ಚಳ ಮುಚ್ಚಿದ್ದಾಗಿನ ಮಾತು. ಮುಚ್ಚಳ ತೆರೆದು ಯುಎಸ್‌ಬಿ ವೈರು ಸಿಕ್ಕಿಸಿದ ಕೂಡಲೇ ನೀರಿಗೂ ಬಾಗಿಲು ತೆರೆದಂತೆ. ಆದ್ದರಿಂದ ಸಾಧನವನ್ನು ಕೂರಿಸಿದರೆ ಸಾಕು, ಕೆಳಗಿನ ಲೋಹದ ಪಿನ್ನುಗಳ ಮೂಲಕವೇ ವಿದ್ಯುತ್ ಹರಿಯುವ ತೊಟ್ಟಿಲು ಕೊಡುವ ಮಾದರಿಗಳನ್ನು ಹುಡುಕಿ. ಬೈಕಿನ ಜಿಪಿಎಸ್‌ಗೆ ಕೊಡುವ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ಈ ತೊಟ್ಟಿಲಿಗೇ ಹೋಗುತ್ತದೆ, ಹೋಗಲಿ ಬಿಡಿ.

ಹೆಜ್ಜೆ 5: ವಿದ್ಯುತ್ ಎಲ್ಲಿಂದ?

ಸಾಧನದೊಳಗಿನ ಬ್ಯಾಟರಿ ಕೆಲವೇ ಗಂಟೆಗಳ ಮಾತು. ಸ್ಕ್ರೀನು ಪೂರ್ತಿ ಬೆಳಗಿದರೆ ಇನ್ನೂ ಕಡಿಮೆ. ದಿನವಿಡೀ ಓಡಿಸುವವರಿಗೆ ಬೈಕಿನಿಂದಲೇ ವಿದ್ಯುತ್ ಬೇಕು. ಬೈಕಿನ ಬ್ಯಾಟರಿ 12 ವೋಲ್ಟ್, ಓಡುವಾಗ ಅದರ ತಂತಿಯಲ್ಲಿ 14ರ ಆಸುಪಾಸು ಇರುತ್ತದೆ. ಯುಎಸ್‌ಬಿ ಸಾಧನಕ್ಕೆ ಬೇಕಾದದ್ದು 5 ವೋಲ್ಟ್. ನಡುವೆ ಇಳಿಸುವ ಕನ್ವರ್ಟರ್ ಬೇಕು. ತೊಟ್ಟಿಲಿನ ಜೊತೆಗೇ ಕೆಲವರು ಅದನ್ನು ಕೊಡುತ್ತಾರೆ.

5 ವೋಲ್ಟ್‌ಗೆ 2 ಆಂಪಿಯರ್ ಅಂದರೆ 10 ವ್ಯಾಟ್. ಬೈಕಿನ ಕಡೆಯಿಂದ ಲೆಕ್ಕ ಹಾಕಿದರೆ 1 ಆಂಪಿಯರ್ ಕೂಡ ಆಗುವುದಿಲ್ಲ. ಹಾಗಾಗಿ ಸಾಧನದ ಕೈಪಿಡಿ ಹೇಳಿದ ಸಣ್ಣ ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಿ. ಫ್ಯೂಸು ಸಾಧನದ ಪಕ್ಕದಲ್ಲಿದ್ದು, ನಡುವಿನ ವೈರು ಎಲ್ಲೋ ಉಜ್ಜಿ ಲೋಹಕ್ಕೆ ತಾಗಿದರೆ ಆ ಫ್ಯೂಸಿಗೆ ಸುದ್ದಿಯೇ ತಲುಪುವುದಿಲ್ಲ.

ನೇರ ಬ್ಯಾಟರಿಗೆ ಜೋಡಿಸುವುದು ಸುಲಭ. ತೊಂದರೆ ಗೊತ್ತಾಗುವುದು ವಾರದ ನಂತರ. ಕನ್ವರ್ಟರ್ ಸುಮ್ಮನೆ ಕೂತಾಗಲೂ 20 ಮಿಲಿಆಂಪಿಯರ್ ಹೀರುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಆಯಿತು. ನಿಮ್ಮ ಬ್ಯಾಟರಿ 8 ಆಂಪಿಯರ್-ಅವರ್‌ನದಾದರೆ ಎಂಟೇ ದಿನದಲ್ಲಿ ಅರ್ಧ ಖಾಲಿ. ಅದಕ್ಕೇ ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಗೆ ಜೋಡಿಸಿ, ಇಲ್ಲವೇ ಆ ತಂತಿಯಿಂದ ಚಾಲೂ ಆಗುವ ರಿಲೇ ಎಂಬ ಸ್ವಿಚ್ಚು ಹಾಕಿಸಿ. ಹಲವು ಬೈಕುಗಳಲ್ಲಿ ಹೆಚ್ಚುವರಿ ಸಾಮಾನಿಗೆಂದೇ ಒಂದು ಕನೆಕ್ಟರ್ ಬಿಟ್ಟಿರುತ್ತಾರೆ. ವೈರು ಕತ್ತರಿಸುವ ಮೊದಲು ಬೈಕಿನ ಕೈಪಿಡಿಯಲ್ಲಿ ಅದನ್ನು ಹುಡುಕಿ.

ಕಾರಿನ ಸಿಗರೇಟ್ ಲೈಟರ್ ಬಗೆಯ ಸಾಕೆಟ್ಟನ್ನು ಬೈಕಿನಲ್ಲಿ ನಾನು ನಂಬುವುದಿಲ್ಲ. ಅದುರಿಗೆ ಪ್ಲಗ್ಗು ಮೆಲ್ಲಗೆ ಹೊರಬರುತ್ತದೆ, ಜಿಪಿಎಸ್ ಬ್ಯಾಟರಿ ಮುಗಿಸಿಕೊಂಡು ಸತ್ತ ಮೇಲಷ್ಟೇ ನಮಗೆ ಗೊತ್ತಾಗುತ್ತದೆ.

ಹೆಜ್ಜೆ 6: ಮೌಂಟಿಗೆ ಜಿಪುಣತನ ಬೇಡ

ಸಾಧನಕ್ಕೆ ಸಾವಿರಗಟ್ಟಲೆ ಸುರಿದು ಮೌಂಟಿಗೆ ಚೌಕಾಸಿ ಮಾಡುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಮಾಡಿದ್ದೆ. ಕಲ್ಲುದಾರಿಯಲ್ಲಿ ಪ್ಲಾಸ್ಟಿಕ್ ಹಿಡಿಕೆ ಕಟ್ ಎಂದಿತು, ಜಿಪಿಎಸ್ ತನ್ನ ವೈರಿನ ತುದಿಯಲ್ಲಿ ಗಡಿಯಾರದ ಲೋಲಕದಂತೆ ತೂಗಾಡುತ್ತ ಇನ್ನೂ ಬಲಕ್ಕೆ ತಿರುಗಿ ಎನ್ನುತ್ತಲೇ ಇತ್ತು.

ಲೋಹದ ಗುಂಡು ಮತ್ತು ಅದನ್ನು ಎರಡು ಕಡೆಯಿಂದ ಕಚ್ಚುವ ತೋಳು ಇರುವ ಬಗೆಯೇ ಪ್ರವಾಸಿಗರ ನಡುವೆ ಹೆಚ್ಚು ರೂಢಿ. ರ‍್ಯಾಮ್ ಕಂಪನಿಯ 1 ಇಂಚಿನ ಗುಂಡು ಒಂದು ಬಗೆಯ ಪ್ರಮಾಣವೇ ಆಗಿಬಿಟ್ಟಿದೆ, ಬೇರೆಯವರ ಬಿಡಿಭಾಗಗಳೂ ಅದಕ್ಕೆ ಹೊಂದುತ್ತವೆ. ತೋಳು ಗಿಡ್ಡವಾದಷ್ಟೂ ಅದುರು ಕಡಿಮೆ. ಜಾಗದ ವಿಚಾರಕ್ಕೆ ಬಂದರೆ, ಸ್ಪೀಡೋಮೀಟರಿನ ಮೇಲ್ಗಡೆ, ಕಣ್ಣಿನ ದಾರಿಗೆ ಹತ್ತಿರ ಇರುವುದೇ ಎಲ್ಲಕ್ಕಿಂತ ಮೇಲು. ಟ್ಯಾಂಕಿನ ಮೇಲೆ ಇಟ್ಟರೆ ಪ್ರತಿ ನೋಟಕ್ಕೂ ತಲೆಯೇ ಬಗ್ಗಬೇಕು. ಕಟ್ಟಿದ ಮೇಲೆ ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ, ವೈರು ಬಿಗಿಯಾಗುತ್ತದೆಯೇ, ಸಾಧನ ಟ್ಯಾಂಕಿಗೋ ವಿಂಡ್‌ಸ್ಕ್ರೀನಿಗೋ ಬಡಿಯುತ್ತದೆಯೇ ನೋಡಿ. ಒಂದು ಗಟ್ಟಿ ದಾರದಿಂದ ಸಾಧನವನ್ನು ಹ್ಯಾಂಡಲ್‌ಗೆ ಪ್ರತ್ಯೇಕವಾಗಿ ಕಟ್ಟಿಬಿಡಿ. ಲೋಲಕದ ಪ್ರಸಂಗದ ನಂತರ ನಾನು ಅದನ್ನು ಬಿಟ್ಟಿಲ್ಲ.

ಹೆಜ್ಜೆ 7: ರೂಟ್, ಟ್ರ್ಯಾಕ್, ಮತ್ತು ಎರಡು ಮ್ಯಾಪುಗಳ ಜಗಳ

ಜಿಪಿಎಸ್ ಕೊಂಡವರು ಬೈದುಕೊಳ್ಳುವುದು ಹೆಚ್ಚಾಗಿ ಇಲ್ಲಿ. ಬಹಳ ಸಲ ತಪ್ಪು ಸಾಧನದ್ದಲ್ಲ.

ದಾರಿಯ ವಿವರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಫೈಲಿನ ಹೆಸರು ಜಿಪಿಎಕ್ಸ್. ಅದರ ಈಗಿನ ರೂಪ 1.1 ಬಂದದ್ದು 2004ರಲ್ಲಿ. ಇಂದಿಗೂ ಎಲ್ಲರೂ ಒಪ್ಪುವ ಭಾಷೆ ಅದೇ. ಅದರೊಳಗೆ ಮೂರು ಬಗೆಯ ಸಂಗತಿ ಇರಬಹುದು. ವೇಪಾಯಿಂಟ್ ಎಂದರೆ ಒಂಟಿ ಜಾಗದ ಗುರುತು. ರೂಟ್ ಎಂದರೆ ಇಂಥಿಂಥ ಕಡೆ ಮುಟ್ಟಿಕೊಂಡು ಹೋಗು ಎಂದು ಹೇಳಿ ಕಳಿಸಿದಂತೆ. ನಡುವಿನ ದಾರಿಯನ್ನು ಸಾಧನವೇ ತನ್ನ ಮ್ಯಾಪು ನೋಡಿ ಹುಡುಕಿಕೊಳ್ಳುತ್ತದೆ. ಟ್ರ್ಯಾಕ್ ಎಂದರೆ ಯಾರೋ ನಡೆದುಹೋದ ಹೆಜ್ಜೆಗುರುತು. ಒತ್ತೊತ್ತಾಗಿ ಸಾವಿರಾರು ಚುಕ್ಕೆಗಳು, ಮ್ಯಾಪಿನ ಮೇಲೆ ಒಂದು ಗೆರೆ. ಅದರಲ್ಲಿ ಲೆಕ್ಕಾಚಾರ ಮಾಡಲು ಏನೂ ಇಲ್ಲ, ಗೆರೆ ಹಿಡಿದು ಹೋಗುವುದಷ್ಟೇ.

ಕಂಪ್ಯೂಟರಿನಲ್ಲಿ ಒಂದು ಮ್ಯಾಪು ಇಟ್ಟುಕೊಂಡು ರೂಟ್ ಮಾಡಿ, ಬೇರೆ ಮ್ಯಾಪು ಇರುವ ಸಾಧನಕ್ಕೆ ಹಾಕಿದಾಗ ಏನಾಗುತ್ತದೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ನೀವು ಎರಡು ಗುರುತುಗಳ ನಡುವೆ ಹಳೆಯ ಘಟ್ಟದ ರಸ್ತೆಯನ್ನು ನೆನೆದು ಇಟ್ಟಿರುತ್ತೀರಿ, ಸಾಧನ ಹತ್ತು ನಿಮಿಷ ಉಳಿಸಲು ಸುರಂಗದ ಹೆದ್ದಾರಿಗೆ ತಳ್ಳುತ್ತದೆ. ಒಮ್ಮೆ ಇಡೀ ರಾತ್ರಿ ಕೂತು ಜೋಡಿಸಿದ ದಾರಿಯ ಅರ್ಧ ಭಾಗವನ್ನು ನಾನು ಹೀಗೆ ಕಳೆದುಕೊಂಡೆ. ತಂಗುವ ಜಾಗಕ್ಕೆ ಬೇಗ ಮುಟ್ಟಿದ್ದು ನಿಜ, ಆದರೆ ಬೇಗ ಮುಟ್ಟಲು ನಾನು ಹೋಗಿರಲಿಲ್ಲ.

ಮಾಡಬೇಕಾದದ್ದು ಇಷ್ಟು. ಅದೇ ದಾರಿಯನ್ನು ರೂಟ್ ಆಗಿಯೂ ಟ್ರ್ಯಾಕ್ ಆಗಿಯೂ ಸಾಧನಕ್ಕೆ ಹಾಕಿ. ಟ್ರ್ಯಾಕನ್ನು ಎದ್ದುಕಾಣುವ ಬಣ್ಣದಲ್ಲಿ ಮ್ಯಾಪಿನ ಮೇಲೆ ಹರಡಿಬಿಡಿ. ರೂಟ್ ಹೇಳುವ ತಿರುವು ಈ ಗೆರೆಯನ್ನು ಬಿಟ್ಟು ಹೋದರೆ ಎಲ್ಲೋ ಎಡವಟ್ಟಾಗಿದೆ ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಗುರುತುಗಳನ್ನು ಕೂಡುರಸ್ತೆಯ ಮೇಲೆ ಇಡಬೇಡಿ, ನಿಮಗೆ ಬೇಕಾದ ರಸ್ತೆಯ ನಡುಭಾಗದಲ್ಲಿ, ಚೆನ್ನಾಗಿ ಹಿಗ್ಗಿಸಿ ನೋಡಿ ಇಡಿ. ಗುರುತು ಒಂದು ಕೂದಲೆಳೆ ಆಚೆ ಬಿದ್ದು ಪಕ್ಕದ ಓಣಿಗೆ ಕೂತರೆ ಸಾಧನ ನಿಮ್ಮನ್ನು ಆ ಓಣಿಯ ಕೊನೆಗೂ ಕರೆದೊಯ್ದು ವಾಪಸು ತರುತ್ತದೆ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ದಾರಿ ತಪ್ಪಿದಾಗ ತಾನೇ ಹೊಸ ದಾರಿ ಹುಡುಕುವುದನ್ನು ಆಫ್ ಮಾಡಬಹುದೇ, ಅಥವಾ ಮೊದಲು ಕೇಳುವಂತೆ ಮಾಡಬಹುದೇ? ರಸ್ತೆ ಕೆಲಸದಿಂದಾಗಿ ಒಂದು ಗುರುತನ್ನು ಮುಟ್ಟಲಾಗದಿದ್ದರೆ ಅದನ್ನು ದಾಟಿಸಲು ಒಂದೇ ಒತ್ತು ಸಾಕೇ? ಸಾಕಾಗದ ಸಾಧನ, ಹಿಂದಿರುಗಿ ಹಿಂದಿರುಗಿ ಎಂದು ನೂರು ಕಿಲೋಮೀಟರ್ ಜಪ ಮಾಡುತ್ತದೆ. ಗಾರ್ಮಿನ್‌ನಲ್ಲಿ ನಿಂತು ಹೋಗಬೇಕಾದ ಗುರುತು ಬೇರೆ, ದಾರಿಯನ್ನು ಬಾಗಿಸಲು ಮಾತ್ರ ಇಡುವ, ಸದ್ದು ಮಾಡದ ಗುರುತು ಬೇರೆ. ಇಂಥ ಭೇದವಿರುವ ಸಾಧನ ಪ್ರವಾಸಕ್ಕೆ ಬಹಳ ಅನುಕೂಲ. ಹಳೆಯ ಯಂತ್ರಗಳಲ್ಲಿ ಒಂದು ಟ್ರ್ಯಾಕಿಗೆ ಇಷ್ಟೇ ಚುಕ್ಕೆ ಎಂಬ ಮಿತಿಯೂ ಇರುತ್ತದೆ, ಅದನ್ನು ಮೀರಿದರೆ ದಾರಿಯ ಬಾಲ ಕತ್ತರಿಸಿ ಹೋಗುತ್ತದೆ.

ಮ್ಯಾಪಿನ ಬಗ್ಗೆ ಎರಡು ಮಾತು. ಜೀವಮಾನವಿಡೀ ಉಚಿತ ಮ್ಯಾಪ್ ಎಂದು ಡಬ್ಬಿಯ ಮೇಲೆ ಇದ್ದರೆ, ಆ ಜೀವಮಾನ ನಿಮ್ಮದಲ್ಲ, ಯಂತ್ರದ್ದು. ಕಂಪನಿ ಆ ಮಾದರಿಗೆ ಬೆಂಬಲ ನಿಲ್ಲಿಸುವವರೆಗೆ. ಇನ್ನೊಂದು, 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸಾರ್ವಜನಿಕರೇ ಕೂಡಿ ಬರೆದ ಉಚಿತ ಮ್ಯಾಪು. ಕಾಲುದಾರಿ, ಮಣ್ಣುದಾರಿಗಳ ವಿಷಯದಲ್ಲಿ ಅದು ಕೆಲವು ಕಡೆ ಮಾರಾಟದ ಮ್ಯಾಪುಗಳನ್ನೂ ಮೀರಿಸುತ್ತದೆ. ಅದನ್ನು ಹಾಕಿಕೊಳ್ಳಲು ಬಿಡುವ ಸಾಧನವಾದರೆ ಬೇರೆ ದೇಶದ ಪ್ರವಾಸಕ್ಕೆ ಹೊಸ ಮ್ಯಾಪು ಕೊಳ್ಳುವ ಖರ್ಚು ತಪ್ಪೀತು. ಮ್ಯಾಪಿನ ಅಪ್‌ಡೇಟ್ ಗಂಟೆಗಟ್ಟಲೆ ಹಿಡಿಯಬಹುದು. ಹೊರಡುವ ಹಿಂದಿನ ರಾತ್ರಿ ಕೈಹಾಕಬೇಡಿ.

ಹೆಜ್ಜೆ 8: ಉಪಗ್ರಹಗಳ ಪಟ್ಟಿಗೆ ಮರುಳಾಗಬೇಡಿ

ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಕಂಡರೆ ನಿಮ್ಮ ಜಾಗ ಮತ್ತು ಎತ್ತರ ಗೊತ್ತಾಗುತ್ತದೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂಗಳನ್ನೂ ಕೇಳಿಸಿಕೊಳ್ಳುವ ಸಾಧನಕ್ಕೆ ಆಕಾಶದ ಸಣ್ಣ ತುಂಡಿನಲ್ಲೂ ಸಾಕಷ್ಟು ಉಪಗ್ರಹಗಳು ಸಿಗುತ್ತವೆ. ಎರಡು ತರಂಗಾಂತರಗಳನ್ನು ಬಳಸುವ ಸಾಧನ ಆಳದ ಕಣಿವೆ, ಎತ್ತರದ ಕಟ್ಟಡಗಳ ನಡುವೆ ಇನ್ನಷ್ಟು ನಿಖರ. ಬಯಲ ರಸ್ತೆಯಲ್ಲಿ ವ್ಯತ್ಯಾಸ ಕಾಣದು. ಅಮೆರಿಕ 2000ದ ಮೇ ತಿಂಗಳಲ್ಲಿ ನಾಗರಿಕರ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ ಬೈಕ್ ಸವಾರನಿಗೆ ಬೇಕಾದ ನಿಖರತೆ ಎಲ್ಲ ಸಾಧನಗಳಲ್ಲೂ ಉಂಟು. ಈ ಸಾಲಿಗೆ ಹೆಚ್ಚು ಹಣ ಕೊಡಬೇಡಿ.

ಜಿಪಿಎಸ್ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ ಎಂಬುದೂ ನೆನಪಿರಲಿ. ನೀವು ಬಿದ್ದಿದ್ದೀರಿ ಎಂದು ಅದು ಯಾರಿಗೂ ಹೇಳದು. ಜನಸಂಚಾರವಿಲ್ಲದ ಕಡೆ ಹೋಗುವವರಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪ್ರತ್ಯೇಕ ಸಾಧನ ಬೇಕು; ಅದನ್ನು ಒಯ್ಯಲು ಕೆಲವು ದೇಶಗಳಲ್ಲಿ ಅನುಮತಿ ಬೇಕಾಗುವುದರಿಂದ ಗಡಿ ದಾಟುವ ಮೊದಲು ವಿಚಾರಿಸಿ.

ಹೆಜ್ಜೆ 9: ಕಿವಿಗೂ ಕೆಲಸ ಕೊಡಿ

ಹೆಲ್ಮೆಟ್ಟಿನೊಳಗೆ ಬ್ಲೂಟೂತ್ ಸ್ಪೀಕರ್ ಇದ್ದರೆ ಅರ್ಧಕ್ಕರ್ಧ ಸಲ ಸ್ಕ್ರೀನು ನೋಡುವ ಗೊಡವೆಯೇ ಇಲ್ಲ. ನಿಮ್ಮ ಹೆಡ್‌ಸೆಟ್ಟು ಫೋನು ಮತ್ತು ಜಿಪಿಎಸ್ ಎರಡಕ್ಕೂ ಏಕಕಾಲಕ್ಕೆ ಜೋಡಿಯಾಗುತ್ತದೆಯೇ, ಹಾಡಿನ ನಡುವೆ ಜಿಪಿಎಸ್ ದನಿ ಬಂದು ಮತ್ತೆ ಹಾಡು ಮುಂದುವರಿಯುತ್ತದೆಯೇ ಎಂದು ಕೊಳ್ಳುವ ಮೊದಲೇ ಜೋಡಿಸಿ ನೋಡಿ. ಇವು ಮೂರು ಒಂದಕ್ಕೊಂದು ಮುನಿಸಿಕೊಳ್ಳುವುದು ಹೊಸದೇನಲ್ಲ.

ಹೆಜ್ಜೆ 10: ಹಳೆಯದನ್ನು ಕೊಳ್ಳುವುದಾದರೆ

ಬಳಸಿದ ಜಿಪಿಎಸ್ ಲಾಭದ ವ್ಯಾಪಾರವೇ, ಆದರೆ ನಾಲ್ಕು ಸಂಗತಿ ನೋಡಿ. ಒಂದು, ತೊಟ್ಟಿಲು ಜೊತೆಗೆ ಬರುತ್ತದೆಯೇ. ಹಳೆಯ ಮಾದರಿಗಳ ತೊಟ್ಟಿಲು ಬಿಡಿಯಾಗಿ ಸಿಗುವುದು ಕಷ್ಟ. ಎರಡು, ಅದರ ಪಿನ್ನುಗಳು ಹಸಿರುಗಟ್ಟಿವೆಯೇ. ಮೂರು, ಒಳಗಿನ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದೆಯೇ. ನಾಲ್ಕನೆಯದು ದಿನಾಂಕ. ಜಿಪಿಎಸ್ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ತಿರುಗಿದ್ದು 2019ರ ಏಪ್ರಿಲ್‌ನಲ್ಲಿ. ಮುಂದಿನದು 2038ರ ನವೆಂಬರ್‌ನಲ್ಲಿ. ಆ ತಿರುವನ್ನು ಅರಿಯದ ಹಳೆಯ ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ, ತಲುಪುವ ಸಮಯವೂ ಎಡವುತ್ತದೆ. ಬಯಲಿಗೆ ತಂದು ಚಾಲೂ ಮಾಡಿ, ಉಪಗ್ರಹ ಹಿಡಿದ ಮೇಲೆ ದಿನಾಂಕ ಓದಿ.

ಹೆಜ್ಜೆ 11: ದೊಡ್ಡ ಪ್ರವಾಸಕ್ಕೆ ಮುನ್ನ ಒಂದು ಸಣ್ಣ ಸವಾರಿ

ಗೊತ್ತಿರುವ ರಸ್ತೆಯಲ್ಲಿ ಒಂದಿಡೀ ದಿನ ಓಡಿಸಿ. ಗೊತ್ತಿರುವ ರಸ್ತೆಯೇ ಆಗಬೇಕು, ಸಾಧನ ಸುಳ್ಳು ಹೇಳಿದರೆ ಹಿಡಿಯಬೇಕಲ್ಲ. ನಿಂತಾಗ ಮಾತ್ರ ಟೈಪ್ ಮಾಡುವ ಅಭ್ಯಾಸ ಅವತ್ತೇ ಶುರುವಾಗಲಿ. ಬೇಕೆಂದೇ ಎರಡು ಕಡೆ ದಾರಿ ತಪ್ಪಿ ನೋಡಿ, ಅದು ಗಾಬರಿಯಾಗದೆ ವಾಪಸು ತರುತ್ತದೆಯೇ ಎಂದು. ನಡುಹಗಲಲ್ಲಿ ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ, ಹೊರಡುವಾಗ ಸ್ಕ್ರೀನು ಓದಲು ಬರುತ್ತದೆಯೇ ನೋಡಿ. ಕತ್ತಲಾದ ಮೇಲೂ ಸ್ವಲ್ಪ ಓಡಿಸಿ. ರಾತ್ರಿಯ ಬಣ್ಣಕ್ಕೆ ತಾನೇ ಬದಲಾಗದ ಸ್ಕ್ರೀನು ಎದುರಿನ ಲಾರಿಯ ದೀಪದಷ್ಟೇ ಕಣ್ಣು ಕುಕ್ಕುತ್ತದೆ. ಬಾಟಲಿಯಿಂದ ನೀರು ಚಿಮುಕಿಸಿ, ಮ್ಯಾಪು ಕುಣಿಯುತ್ತದೆಯೇ ಪರೀಕ್ಷಿಸಿ. ಮನೆಗೆ ಬಂದು ಮೌಂಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಮೊದಲ ದಿನ ಅವು ಒಂದು ಸುತ್ತಾದರೂ ಸಡಿಲಾಗಿರುತ್ತವೆ.

ಆಮೇಲೆ ಬೈಕನ್ನು ಒಂದು ವಾರ ಮುಟ್ಟಬೇಡಿ. ಎಂಟನೆಯ ದಿನ ಬೆಳಿಗ್ಗೆ ಸ್ಟಾರ್ಟರ್ ಗುಂಡಿಯ ಮೊದಲ ಒತ್ತಿಗೇ ಎಂಜಿನ್ ಎದ್ದರೆ ವೈರಿಂಗ್ ಸರಿಯಾಗಿದೆ; ಟಿಕ್ ಟಿಕ್ ಎಂದು ನಿಂತರೆ ಐದನೆಯ ಹೆಜ್ಜೆಗೆ ಹಿಂದಿರುಗಿ.